ಜನರೇಟರ್ ಏರಿಳಿದು ಓಡುತ್ತಿದ್ದರೆ ಮೊದಲು ನೋಡಬೇಕಾದುದೇನು?

ಬೇಸಿಗೆ ಶೇಂಗಾ ಊಡು ಬಿಡುವ ಹಂತದಲ್ಲಿ ನೀರು ತಪ್ಪಿದರೆ ಇಳುವರಿ ಕುಸಿಯುವುದು ರೈತರೆಲ್ಲರೂ ಬಲ್ಲ ಸಂಗತಿ. ಮೆಕ್ಕೆಜೋಳ ಸೂಲಂಗಿ ಬಿಡುವಾಗಲೂ ಇದೇ ಮಾತು. ಇಂತಹ ದಿನಗಳಲ್ಲಿ ಮೂರು ಫೇಸ್ ವಿದ್ಯುತ್ ಕೈಕೊಟ್ಟರೆ ಬೆಳೆ ಉಳಿಸಿಕೊಳ್ಳಲೆಂದು ತೋಟದ ಮನೆಯಲ್ಲಿ ಡೀಸೆಲ್ ಜನರೇಟರ್ ಇಟ್ಟುಕೊಂಡ ರೈತರು ಬಹಳ ಮಂದಿ ಇದ್ದಾರೆ. ಕೋಳಿ ಸಾಕುವವರಿಗೂ, ಹಾಲು ತಂಪು ಮಾಡುವವರಿಗೂ, ಕರಾವಳಿಯ ದೋಣಿಯವರಿಗೂ ಇದು ಅವಶ್ಯಕ ಯಂತ್ರ. ಆದರೆ ಜನರೇಟರ್ ಇದ್ದರೆ ಸಾಲದು, ಅದು ಒಂದೇ ಸಮನೆ ಓಡಬೇಕು. ಸದ್ದು ಒಮ್ಮೆ ಏರಿ ಒಮ್ಮೆ ಇಳಿಯುತ್ತ, ದೀಪ ಉಸಿರಾಡಿದಂತೆ ಉರಿಯುತ್ತಿದ್ದರೆ ಅದನ್ನು ‘ಹೇಗೋ ಓಡುತ್ತಿದೆಯಲ್ಲ’ ಎಂದು ಬಿಡುವುದು ತರವಲ್ಲ.

ವೇಗ ಏಕೆ ಮುಖ್ಯ?

ನಾಲ್ಕು ಧ್ರುವಗಳ ಆಲ್ಟರ್ನೇಟರ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ 50 ಹರ್ಟ್ಜ್ ವಿದ್ಯುತ್ ಬರುತ್ತದೆ. ಎರಡು ಧ್ರುವದ್ದಾದರೆ 3000 ಸುತ್ತು ಬೇಕು. ಸುತ್ತುಗಳನ್ನು ಧ್ರುವಗಳ ಸಂಖ್ಯೆಯಿಂದ ಗುಣಿಸಿ 120ರಿಂದ ಭಾಗಿಸಿದರೆ ಹರ್ಟ್ಜ್ ಸಿಗುತ್ತದೆ. ಅಂದರೆ ಎಂಜಿನ್ನಿನ ವೇಗ ಕುಂದಿದಷ್ಟೇ ಪ್ರಮಾಣದಲ್ಲಿ ಕೊಳವೆ ಬಾವಿಯ ಮೋಟಾರಿನ ವೇಗವೂ ಕುಂದುತ್ತದೆ. ಪಂಪು ಹೊರಹಾಕುವ ನೀರು ವೇಗಕ್ಕೆ ತಕ್ಕಂತೆ ಇಳಿದರೆ, ಅದು ನೀರನ್ನು ಎತ್ತುವ ಎತ್ತರ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಎಂಜಿನ್ 1500ರಿಂದ 1350 ಸುತ್ತಿಗೆ ಇಳಿಯಿತೆನ್ನೋಣ. ಹೆಚ್ಚೆಂದರೆ 100 ಮೀಟರ್ ಎತ್ತುತ್ತಿದ್ದ ಪಂಪು ಆಗ 81 ಮೀಟರ್ ಮಾತ್ರ ಎತ್ತಬಲ್ಲದು. ಬಾವಿಯಲ್ಲಿ ನೀರು 90 ಮೀಟರ್ ಆಳದಲ್ಲಿದ್ದರೆ ಮೋಟಾರು ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಮೇಲೆ ಬಾರದು. ಮುಳುಗು ಮೋಟಾರು ತಣ್ಣಗಾಗುವುದು ತನ್ನ ಸುತ್ತ ಹರಿಯುವ ನೀರಿನಿಂದಲೇ. ಹರಿವು ನಿಂತರೆ ಅದು ಒಳಗೇ ಕಾಯುತ್ತದೆ. ಡೀಸೆಲ್ಲಿಗೆ ಹಣ ಹೋಯಿತು, ನೀರು ಬರಲಿಲ್ಲ, ಮೇಲೆ ಮೋಟಾರು ಎತ್ತಿಸಿ ವೈಂಡಿಂಗ್ ಮಾಡಿಸುವ ಖರ್ಚು ಬೇರೆ. ಹನಿ ನೀರಾವರಿಯಲ್ಲಾದರೆ ಒತ್ತಡ ಏರಿಳಿದು ಸಾಲಿನ ತುದಿಯ ಗಿಡಗಳಿಗೆ ನೀರು ಸರಿಯಾಗಿ ಮುಟ್ಟುವುದಿಲ್ಲ.

ಎಲ್ಲ ಏರಿಳಿತವೂ ದೋಷವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಹೊರೆ ಇಲ್ಲದಾಗ 1560 ಸುತ್ತಿನಷ್ಟು ಅಂದರೆ 52 ಹರ್ಟ್ಜ್ ಇದ್ದು, ಪೂರ್ಣ ಹೊರೆ ಬಿದ್ದಾಗ 1500ಕ್ಕೆ ಇಳಿದು ಅಲ್ಲಿಯೇ ನಿಲ್ಲುವುದು ಸಾಧಾರಣ ಗವರ್ನರಿನ ಸಹಜ ಗುಣ. ಒಂದೇ ಸಿಲಿಂಡರಿನ ಎಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ಉರಿ ಪಡೆಯುತ್ತದೆ. 1500 ಸುತ್ತಿನಲ್ಲಿ ಇದು ಸೆಕೆಂಡಿಗೆ 12ರಿಂದ 13 ಹೊಡೆತ. ನಡುವಿನ ಅಂತರವನ್ನು ಫ್ಲೈವೀಲ್ ತನ್ನ ತೂಕದಿಂದ ತುಂಬಿಕೊಡುತ್ತದೆ, ಆದರೂ ದೀಪದಲ್ಲಿ ಸಣ್ಣ ನಡುಕ ಉಳಿಯಬಹುದು. ಹೀಗೆ ಸಣ್ಣಗೆ ನಡುಗುವ ದೀಪಕ್ಕೆ ಚಿಂತಿಸಬೇಕಾಗಿಲ್ಲ. ಎರಡು ಮೂರು ಸೆಕೆಂಡಿಗೊಮ್ಮೆ ಏರಿ ಇಳಿಯುವ ದೀಪಕ್ಕೆ ಮಾತ್ರ ಚಿಂತಿಸಬೇಕು.

ಕಿವಿಯೇ ಮೊದಲ ಉಪಕರಣ

ಪಾನಾ ಕೈಗೆತ್ತಿಕೊಳ್ಳುವ ಮೊದಲು ಐದು ನಿಮಿಷ ನಿಂತು ಸದ್ದು ಕೇಳುವುದು ಒಳ್ಳೆಯದು. ಎಂಜಿನ್ನಿನ ಸದ್ದು ಸಮನಾಗಿದ್ದು ದೀಪ ಮಾತ್ರ ಮಂಕಾಗಿ ಬೆಳಗುತ್ತಿದ್ದರೆ ದೋಷ ಎಂಜಿನ್ನಿನದಲ್ಲ. ಆಗ ಬೆಲ್ಟು ಜಾರುತ್ತಿದೆಯೇ, ಕಾರ್ಬನ್ ಬ್ರಷ್ ಸವೆದಿದೆಯೇ, ತಂತಿಯ ಜೋಡಣೆ ಸಡಿಲವಾಗಿದೆಯೇ, ವೋಲ್ಟೇಜ್ ನಿಯಂತ್ರಕ ಕೆಟ್ಟಿದೆಯೇ ಎಂದು ನೋಡಬೇಕು. ಸದ್ದೂ ದೀಪವೂ ಒಟ್ಟಿಗೆ ಏರಿಳಿಯುತ್ತಿದ್ದರೆ ದೋಷ ಎಂಜಿನ್ನಿನಲ್ಲಿದೆ. ಹರ್ಟ್ಜ್ ತೋರಿಸುವ ಮೀಟರ್ ಇದ್ದರೆ ಅನುಮಾನಕ್ಕೆ ಎಡೆಯೇ ಇಲ್ಲ.

ಎಂಜಿನ್ನಿನ ಏರಿಳಿತದಲ್ಲಿಯೂ ಬಗೆಗಳಿವೆ. ಗಡಿಯಾರದಂತೆ ಒಂದೇ ಲಯದಲ್ಲಿ ಏರುವುದು ಇಳಿಯುವುದು ಒಂದು ಬಗೆ. ಲಯವಿಲ್ಲದೆ ನಡುನಡುವೆ ಒಂದು ಹೊಡೆತ ತಪ್ಪಿದಂತೆ ಓಡುವುದು ಇನ್ನೊಂದು. ಹೊರೆ ಬಿದ್ದ ಹತ್ತು ಹದಿನೈದು ನಿಮಿಷದ ಮೇಲೆ ನಿಧಾನವಾಗಿ ಕುಸಿದು, ಹೊರೆ ತೆಗೆದೊಡನೆ ಚೇತರಿಸಿಕೊಳ್ಳುವುದು ಮತ್ತೊಂದು. ಮೊದಲನೆಯದರಲ್ಲಿ ಗವರ್ನರ್ ಅಥವಾ ಡೀಸೆಲ್ ಸೇರಿದ ಗಾಳಿ, ಎರಡನೆಯದರಲ್ಲಿ ಇಂಜೆಕ್ಟರ್, ನೀರು ಅಥವಾ ಕಂಪ್ರೆಶನ್, ಮೂರನೆಯದರಲ್ಲಿ ಕಟ್ಟಿಕೊಂಡ ಫಿಲ್ಟರ್ ಅಥವಾ ಟ್ಯಾಂಕಿಯ ಉಸಿರು ತೂತು ಸಾಮಾನ್ಯವಾಗಿ ಕಾರಣವಾಗಿರುತ್ತದೆ.

ಹೊಗೆಯೂ ಮಾತನಾಡುತ್ತದೆ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಉರಿಯದೆ ಹೋಗುತ್ತಿದೆ ಅಥವಾ ನೀರು ಸೇರಿದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ.

ಗವರ್ನರನ್ನು ಕೊನೆಗೆ ಮುಟ್ಟಬೇಕು

ತೋಟಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದರ ವಿರುದ್ಧ ಕ್ರಮ. ಎಂಜಿನ್ ಏರಿಳಿದೊಡನೆ ಯಾರಾದರೂ ಗವರ್ನರಿನ ಸ್ಪ್ರಿಂಗ್ ಸ್ಕ್ರೂ ತಿರುಗಿಸುತ್ತಾರೆ. ಸದ್ದು ಕ್ಷಣಕಾಲ ಬದಲಾಗುವುದರಿಂದ ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ. ಮಾರನೆಯ ದಿನ ಹಳೆಯ ದೋಷದ ಜೊತೆಗೆ ವೇಗವೂ ತಪ್ಪಿರುತ್ತದೆ, ಮೊದಲಿನ ಗುರುತೂ ಹೋಗಿರುತ್ತದೆ.

ಗವರ್ನರಿನ ಕೆಲಸ ಸರಳ. ವೇಗ ಹೆಚ್ಚಿದರೆ ತಿರುಗುವ ತೂಕಗಳು ಹೊರಕ್ಕೆ ಚಾಚಿ ಡೀಸೆಲ್ ಕಡಿಮೆ ಮಾಡುತ್ತವೆ. ವೇಗ ತಗ್ಗಿದರೆ ಸ್ಪ್ರಿಂಗ್ ಅವನ್ನು ಒಳಕ್ಕೆಳೆದು ಡೀಸೆಲ್ ಹೆಚ್ಚಿಸುತ್ತದೆ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ ಚೆಂಡುಗಳ ಗವರ್ನರಿನ ತತ್ತ್ವವೂ ಇದೇ. ಗವರ್ನರ್ ಇದ್ದೂ ಯಂತ್ರ ಏಕೆ ಏರಿಳಿಯುತ್ತದೆ ಎಂಬ ಪ್ರಶ್ನೆ ಎಷ್ಟು ತೊಡಕಿನದೆಂದರೆ, ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1868ರಲ್ಲಿ ಅದರ ಗಣಿತವನ್ನೇ ಒಂದು ಪ್ರಬಂಧವಾಗಿ ಬರೆದರು. ರೈತನಿಗೆ ಬೇಕಾದ ಸಾರ ಇಷ್ಟು: ಗವರ್ನರ್ ಆಜ್ಞೆ ಕೊಟ್ಟ ಕೂಡಲೇ ಡೀಸೆಲ್ ಹೆಚ್ಚು ಕಡಿಮೆ ಆಗಬೇಕು. ನಡುವೆ ಎಲ್ಲಿ ತಡವಾದರೂ ತಿದ್ದುಪಡಿ ಅತಿಯಾಗಿ, ವೇಗ ಆ ಕಡೆಗೂ ಈ ಕಡೆಗೂ ತೂಗತೊಡಗುತ್ತದೆ. ಈ ತಡ ಗವರ್ನರಿನಲ್ಲಿಯೇ ಆಗಬೇಕೆಂದಿಲ್ಲ. ಕೊಳವೆಯಲ್ಲಿ ಗಾಳಿ ಇದ್ದರೂ ತಡವಾಗುತ್ತದೆ.

ಎರಡನ್ನೂ ಬೇರ್ಪಡಿಸಲು ಒಂದು ಸುಲಭ ಪರೀಕ್ಷೆ ಇದೆ. ಜನರೇಟರಿಗೆ ಬಲ್ಬು ಅಥವಾ ಹೀಟರಿನಂತಹ ಸ್ಥಿರ ಹೊರೆಯನ್ನು ಅರ್ಧದಷ್ಟು ಕೊಟ್ಟು, ಓಡುವಾಗ ಪಂಪಿನ ಡೀಸೆಲ್ ನಿಯಂತ್ರಣ ಸರಳನ್ನು ಬೆರಳಿನಿಂದ ಮೆಲ್ಲಗೆ ಒಂದೇ ಜಾಗದಲ್ಲಿ ಹಿಡಿಯಬೇಕು. ವೇಗ ಸಮನಾದರೆ ದೋಷ ಗವರ್ನರ್ ಮತ್ತು ಅದರ ಸಂಧಿಗಳಲ್ಲಿದೆ. ಹಿಡಿದರೂ ಏರಿಳಿಯುತ್ತಿದ್ದರೆ ಗವರ್ನರ್ ನಿರಪರಾಧಿ. ಈ ಪರೀಕ್ಷೆಯಲ್ಲಿ ಸರಳನ್ನು ಹೆಚ್ಚಿಸುವ ದಿಕ್ಕಿಗೆ ಎಂದೂ ತಳ್ಳಬಾರದು. ವೇಗ ಏರಿದಂತೆ ಕಂಡರೆ ಕೂಡಲೇ ನಿಲ್ಲಿಸುವ ದಿಕ್ಕಿಗೆ ಸರಿಸಬೇಕು. ಈ ಸರಳು ಹೊರಗೆ ಕಾಣದ ಎಂಜಿನ್ನುಗಳಲ್ಲಿ ಪರೀಕ್ಷೆಯನ್ನು ಮೆಕ್ಯಾನಿಕ್‌ಗೆ ಬಿಡುವುದು ಲೇಸು.

ಡೀಸೆಲ್ ದಾರಿ

ಹೆಚ್ಚಿನ ದೋಷಗಳು ಟ್ಯಾಂಕಿಗೂ ಪಂಪಿಗೂ ನಡುವೆಯೇ ಸಿಗುತ್ತವೆ. ಆದುದರಿಂದ ಹುಡುಕಾಟವನ್ನು ಟ್ಯಾಂಕಿಯಿಂದ ಆರಂಭಿಸಬೇಕು.

ಟ್ಯಾಂಕಿಯ ಮುಚ್ಚಳದಲ್ಲಿ ಉಸಿರಾಡಲು ಸಣ್ಣ ತೂತಿರುತ್ತದೆ. ಧೂಳು ಅಥವಾ ಕಣಜದ ಮಣ್ಣು ಇದನ್ನು ಮುಚ್ಚಿದರೆ ಡೀಸೆಲ್ ಇಳಿದಂತೆಲ್ಲ ಒಳಗೆ ನಿರ್ವಾತವಾಗಿ ಹರಿವು ಕುಗ್ಗುತ್ತದೆ. ಎಂಜಿನ್ ಕುಸಿಯುವಾಗ ಮುಚ್ಚಳ ಸಡಿಲಿಸಿದೊಡನೆ ಚೇತರಿಸಿಕೊಂಡರೆ ರೋಗ ಗೊತ್ತಾದಂತೆಯೇ. ತೂತು ಬಿಡಿಸುವುದಕ್ಕೆ ಒಂದು ತಂತಿಯ ತುಂಡು ಸಾಕು.

ಮುಂದಿನದು ನೀರು. ಅರ್ಧ ಖಾಲಿಯಾದ ಟ್ಯಾಂಕಿಯಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ಹನಿಗಟ್ಟಿ ತಳ ಸೇರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದು ಇನ್ನೂ ಹೆಚ್ಚು. ತಳದಿಂದ ಒಂದು ಗಾಜಿನ ಬಾಟಲಿಯಷ್ಟು ಡೀಸೆಲ್ ತೆಗೆದು ಅರ್ಧ ಗಂಟೆ ಅಲುಗಿಸದೆ ಇಟ್ಟರೆ ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರ್ ಕಟ್ಟುವುದೂ ಉಂಟು. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕಿ ತುಂಬಿಸಿಡುವುದೇ ಇದಕ್ಕೆ ಅಗ್ಗದ ಉಪಾಯ. ಡ್ರಮ್ಮಿನಲ್ಲಿ ತಂದ ಡೀಸೆಲ್ಲನ್ನು ಒಂದು ದಿನ ಕದಡದೆ ಬಿಟ್ಟು, ತಳ ಮುಟ್ಟದಂತೆ ಮೇಲಿನಿಂದ ತೆಗೆಯಬೇಕು. ಸತುವಿನ ಲೇಪನದ ಪಾತ್ರೆ, ಪೈಪು ಡೀಸೆಲ್ಲಿಗೆ ಬೇಡ. ಡೀಸೆಲ್ ಸತುವಿನೊಡನೆ ಕೂಡಿ ಜಿಗುಟು ಪದಾರ್ಥವಾಗಿ ನಾಜಲ್ಲಿನ ಸೂಕ್ಷ್ಮ ರಂಧ್ರ ಸೇರುತ್ತದೆ. ಸೀಮೆಎಣ್ಣೆ ಬೆರೆಸಿದ ಡೀಸೆಲ್ಲಿನಲ್ಲಿ ಜಿಡ್ಡು ಕಡಿಮೆಯಾಗಿ ಪಂಪಿನ ಪ್ಲಂಜರ್ ಸವೆಯುತ್ತದೆ. ಲೀಟರಿಗೆ ಉಳಿದ ಹಣ ಪಂಪಿನ ದುರಸ್ತಿಗೆ ಸಾಲುವುದಿಲ್ಲ.

ಇನ್ನು ಗಾಳಿ. ಟ್ಯಾಂಕಿ ಎಂಜಿನ್ನಿಗಿಂತ ಮೇಲಿದ್ದರೆ ಜೋಡಣೆ ಸಡಿಲವಾದಲ್ಲಿ ಡೀಸೆಲ್ ಹೊರಗೆ ಜಿನುಗುತ್ತದೆ, ಕಣ್ಣಿಗೆ ಕಾಣುತ್ತದೆ. ಟ್ಯಾಂಕಿ ಕೆಳಗಿದ್ದು ಪಂಪು ಎಳೆದುಕೊಳ್ಳುವ ಏರ್ಪಾಡಿನಲ್ಲಿ ಹಾಗಲ್ಲ. ಅಲ್ಲಿ ಸಡಿಲ ಜೋಡಣೆಯಿಂದ ಡೀಸೆಲ್ ಹೊರಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಒಂದು ಹನಿಯೂ ಸೋರದೆ ಒಣಗಿರುವ ಪೈಪೇ ಕಳ್ಳನಾಗಿರಬಹುದು. ಅನುಭವಸ್ಥರೂ ಇಲ್ಲಿ ಮೋಸ ಹೋಗುತ್ತಾರೆ.

ಇದಕ್ಕೆ ನಂಬಿಕೆಯ ಪರೀಕ್ಷೆ ಎಂದರೆ ಬೇರೆ ಡಬ್ಬಿಯಿಂದ ಓಡಿಸಿ ನೋಡುವುದು. ಐದು ಲೀಟರಿನ ಶುದ್ಧ ಡಬ್ಬಿಯಲ್ಲಿ ಹೊಸ ಡೀಸೆಲ್ ತುಂಬಿ, ಎಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿಟ್ಟು, ಒಳಗಿನದು ಕಾಣುವ ಪ್ಲಾಸ್ಟಿಕ್ ಕೊಳವೆಯಿಂದ ನೇರವಾಗಿ ಪಂಪಿನ ಬಾಯಿಗೆ ಕೊಡಬೇಕು. ಡೀಸೆಲ್ ಶುದ್ಧವಾಗಿರುವುದರಿಂದ ಈ ಹೊತ್ತಿನ ಮಟ್ಟಿಗೆ ಫಿಲ್ಟರ್ ಇಲ್ಲದಿದ್ದರೂ ನಡೆಯುತ್ತದೆ. ಎಂಜಿನ್ ಸಮನಾಗಿ ಓಡಿದರೆ ದೋಷ ಹಳೆಯ ಟ್ಯಾಂಕಿ, ಪೈಪು, ಫಿಲ್ಟರಿನಲ್ಲಿದೆ. ಆಗಲೂ ಏರಿಳಿದರೆ ಪಂಪು ಅಥವಾ ಅದರ ಮುಂದೆ ಇದೆ. ಹತ್ತು ನಿಮಿಷದ ಈ ಕೆಲಸ ಅರ್ಧ ಎಂಜಿನ್ ಬಿಚ್ಚುವುದನ್ನು ತಪ್ಪಿಸುತ್ತದೆ. ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಫಿಲ್ಟರ್ ಬದಲಿಸಿದಾಗಲೆಲ್ಲ ಏರ್ ತೆಗೆಯಲೇಬೇಕು. ಮೊದಲು ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಗುಳ್ಳೆ ನಿಂತು ಡೀಸೆಲ್ ಧಾರೆ ಬರುವವರೆಗೆ ಬಿಟ್ಟು ಬಿಗಿಯಬೇಕು. ನಂತರ ಪಂಪಿನ ಸ್ಕ್ರೂ. ಕೊನೆಗೆ ಇಂಜೆಕ್ಟರ್ ಬಳಿಯ ಹೈಪ್ರೆಶರ್ ಪೈಪಿನ ನಟ್ಟು ಅರ್ಧ ಸುತ್ತು ಸಡಿಲಿಸಿ, ಡಿಕಂಪ್ರೆಶನ್ ಲಿವರ್ ಎತ್ತಿ, ಹ್ಯಾಂಡಲ್ ತಿರುಗಿಸಿ ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆ ಬಿಗಿಯಬೇಕು. ಈ ಅನುಕ್ರಮ ತಪ್ಪಬಾರದು. ಬಿಚ್ಚಿದ ಕಡೆ ಹಳೆಯ ತಾಮ್ರದ ವಾಷರ್ ಹಾಗೆಯೇ ಹಾಕಿದರೆ ಮತ್ತೆ ಗಾಳಿ ಹಿಡಿಯುತ್ತದೆ. ಹೊಸದು ಸಿಗದ ಊರಿನಲ್ಲಿ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಮತ್ತೊಮ್ಮೆ ಕೂರುತ್ತದೆ. ಕಬ್ಬಿಣಕ್ಕೆ ಇದು ವಿರುದ್ಧ, ತಾಮ್ರಕ್ಕೆ ಸರಿ.

ಇಂಜೆಕ್ಟರ್, ಗಾಳಿ, ಕಂಪ್ರೆಶನ್

ನಾಜಲ್ ಕಟ್ಟಿಕೊಂಡರೆ ಅಥವಾ ತುಂತುರಿನ ಬದಲು ಹನಿಹನಿಯಾಗಿ ತೊಟ್ಟಿಕ್ಕಿದರೆ ಹೊಡೆತ ತಪ್ಪುತ್ತದೆ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ದೋಷಿ ಯಾರೆಂದು ತಿಳಿಯಲು, ಓಡುವಾಗ ಒಂದೊಂದೇ ಇಂಜೆಕ್ಟರಿನ ಪೈಪು ನಟ್ಟನ್ನು ಬಟ್ಟೆ ಸುತ್ತಿ ತುಸು ಸಡಿಲಿಸಿ ಬಿಗಿಯುತ್ತಾರೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ ಎಂದರ್ಥ. ಇಂಜೆಕ್ಟರ್ ತುಂತುರಿನ ಎದುರು ಕೈ ಒಡ್ಡುವುದು ಅತ್ಯಂತ ಅಪಾಯಕರ. ಇಂತಹ ಸಣ್ಣ ಎಂಜಿನ್ನುಗಳಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಂ ಆಸುಪಾಸಿನಲ್ಲಿರುತ್ತದೆ. ಆ ಧಾರೆ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಗಾಯ ಸಾಸಿವೆಯಷ್ಟು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು, ತಡಮಾಡಿದರೆ ಬೆರಳು ಕಳೆದುಕೊಳ್ಳಬೇಕಾದೀತು. ಇಂಜೆಕ್ಟರಿನ ಒತ್ತಡ ಸರಿಪಡಿಸುವುದು ಪರೀಕ್ಷಾ ಯಂತ್ರವಿರುವ ಡೀಸೆಲ್ ಪಂಪ್ ಅಂಗಡಿಯ ಕೆಲಸ.

ಒಕ್ಕಣೆಯ ಧೂಳಿನಲ್ಲಿ ಓಡಿಸಿದ ಎಂಜಿನ್ನಿನ ಏರ್ ಕ್ಲೀನರ್ ಕಟ್ಟಿರುವುದು ಸಾಮಾನ್ಯ. ಆಯಿಲ್ ಇರುವ ಕ್ಲೀನರಿನಲ್ಲಿ ಗುರುತಿನ ಗೆರೆಗಿಂತ ಹೆಚ್ಚು ಆಯಿಲ್ ಹಾಕಕೂಡದು. ಎಂಜಿನ್ ಅದನ್ನು ಹೀರಿ, ತಾನೇ ಇಂಧನ ಮಾಡಿಕೊಂಡು ಓಟಕ್ಕೆ ಬೀಳಬಹುದು.

ಕಂಪ್ರೆಶನ್ ನೋಡುವುದು ಸುಲಭ. ಲಿವರ್ ಇಳಿಸಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದಾಗ ಸ್ಪ್ರಿಂಗಿನಂತೆ ಎದುರೊತ್ತಬೇಕು. ಮೆತ್ತಗೆ ಜಾರಿಹೋದರೆ ವಾಲ್ವು, ರಿಂಗು ಅಥವಾ ಹೆಡ್ ಗ್ಯಾಸ್ಕೆಟ್ ನೋಡಬೇಕು.

ಇಷ್ಟೆಲ್ಲ ಸರಿಯಿದ್ದು, ಸರಳು ಹಿಡಿದ ಪರೀಕ್ಷೆಯೂ ಗವರ್ನರನ್ನೇ ತೋರಿಸಿದರೆ ಆಗ ಅದರ ಸರದಿ. ಎಂಜಿನ್ ನಿಲ್ಲಿಸಿ ಸರಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸಿದರೆ ಎಲ್ಲಿಯೂ ಅಂಟದೆ ಹೋಗಿ ಬರಬೇಕು. ಒಣಗಿದ ಆಯಿಲ್, ತುಕ್ಕು, ಬಾಗಿದ ಸಂಧಿ ಅಂಟಿಸುತ್ತವೆ. ಸವೆದ ಪಿನ್ನು ಸಡಿಲ ಕೊಡುತ್ತದೆ. ಅಂಟಿದರೂ ಸಡಿಲಾದರೂ ಫಲ ಒಂದೇ, ಏರಿಳಿತ. ತುಂಡಾದ ಸ್ಪ್ರಿಂಗಿನ ಬದಲು ಸೈಕಲ್ಲಿನ ಅಥವಾ ಬೇರೆ ಎಂಜಿನ್ನಿನ ಸ್ಪ್ರಿಂಗ್ ಹಾಕುವ ರೂಢಿ ಬಿಡಬೇಕು. ಸ್ಪ್ರಿಂಗಿನ ಬಿಗಿತಕ್ಕೆ ತಕ್ಕಂತೆಯೇ ತೂಕಗಳನ್ನು ಮಾಡಿರುತ್ತಾರೆ.

ಹೊರೆಯ ತಪ್ಪು

ಕೆಲವೊಮ್ಮೆ ಎಂಜಿನ್ನಿನಲ್ಲಿ ಏನೂ ಇರುವುದಿಲ್ಲ, ಹೊರೆ ಹೊಂದುವುದಿಲ್ಲ ಅಷ್ಟೆ. 5 ಅಶ್ವಶಕ್ತಿಯ ಮೋಟಾರು ಎಂದರೆ 3.7 ಕಿಲೋವ್ಯಾಟ್. ನೇರ ಸ್ಟಾರ್ಟರಿನಲ್ಲಿ ಅದು ಆರಂಭದ ಕ್ಷಣ ಪೂರ್ಣ ಹೊರೆಯ ಐದರಿಂದ ಏಳು ಪಟ್ಟು ಕರೆಂಟು ಎಳೆಯುತ್ತದೆ. ಓಡಲು ಸಾಕಾಗುವ ಜನರೇಟರ್ ಹೊರಡಿಸಲು ಸಾಲದೆ ಬಗ್ಗುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಈ ಹೊಡೆತವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸುತ್ತದೆ. ಆದರೆ ಅದಕ್ಕೆ ಮೋಟಾರಿನ ಆರೂ ತುದಿಗಳು ಹೊರಗೆ ಬಂದಿರಬೇಕು. ಮೂರೇ ತಂತಿಯ ಮುಳುಗು ಮೋಟಾರಿಗೆ ಅದು ಹೊಂದುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ದೊಡ್ಡ ಜನರೇಟರನ್ನು ನಾಲ್ಕು ದೀಪಕ್ಕಾಗಿ ರಾತ್ರಿಯಿಡೀ ಓಡಿಸಿದರೆ ಸಿಲಿಂಡರ್ ಸಾಕಷ್ಟು ಬಿಸಿಯಾಗದೆ ಡೀಸೆಲ್ ಅರೆಬರೆ ಉರಿಯುತ್ತದೆ, ನಾಜಲ್ಲಿಗೂ ಸೈಲೆನ್ಸರಿಗೂ ಮಸಿ ಕಟ್ಟುತ್ತದೆ. ಸಾಮರ್ಥ್ಯದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಹೊರೆಯಲ್ಲಿ ದೀರ್ಘಕಾಲ ಓಡಿಸದಿರುವುದು ಒಳ್ಳೆಯದು.

ಪೆಟ್ರೋಲ್ ಜನರೇಟರಿನ ಮಾತು ಬೇರೆ. ಅದು ಲಯಬದ್ಧವಾಗಿ ಏರಿಳಿದರೆ ಚೋಕ್ ಅರ್ಧ ಎಳೆದು ನೋಡಬೇಕು. ಸಮನಾದರೆ ಕಾರ್ಬ್ಯುರೇಟರಿನ ಜೆಟ್ ಕಟ್ಟಿದೆ ಅಥವಾ ಎಲ್ಲಿಂದಲೋ ಹೆಚ್ಚು ಗಾಳಿ ಸೇರುತ್ತಿದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ತೇವ ಹೀರುವುದರಿಂದ ತಿಂಗಳುಗಟ್ಟಲೆ ಟ್ಯಾಂಕಿಯಲ್ಲಿ ಉಳಿಸಬಾರದು.

ದೋಣಿಯ ಜನರೇಟರ್

ಮಲ್ಪೆ, ಮಂಗಳೂರು, ಕಾರವಾರದ ಕಡೆಯ ಓದುಗರಿಗೆ ಮೇಲಿನದೆಲ್ಲ ಅನ್ವಯಿಸುತ್ತದೆ. ಆದರೆ ದೋಣಿಯಲ್ಲಿ ಕೆಲವು ಸಂಗತಿ ಭಿನ್ನ. ದಡದಲ್ಲಿ ಚೆನ್ನಾಗಿ ಓಡಿದ ಜನರೇಟರ್ ಕಡಲಿಗೆ ಹೋದ ಮೇಲೆ ಏರಿಳಿಯುವುದಕ್ಕೆ ಮುಖ್ಯ ಕಾರಣ ಅಲೆಯ ಓಲಾಟ. ತಳದ ಕೆಸರು, ನೀರು ಕದಡಿ ಮೇಲೆದ್ದು ಕೊಳವೆ ಸೇರುತ್ತವೆ. ಟ್ಯಾಂಕಿಯಲ್ಲಿ ಡೀಸೆಲ್ ಕಡಿಮೆಯಿದ್ದರೆ ದೋಣಿ ವಾಲಿದಾಗ ಹೀರುವ ಕೊಳವೆಯ ಬಾಯಿ ಗಾಳಿಗೆ ತೆರೆಯುತ್ತದೆ. ಅಲ್ಲಿ ಟ್ಯಾಂಕಿ ಎಂಜಿನ್ನಿಗಿಂತ ಕೆಳಗಿರುವುದು ಹೆಚ್ಚಾದುದರಿಂದ ಒಣ ಪೈಪಿನ ಮೋಸವೂ ಹೆಚ್ಚು. ಮುಚ್ಚಿದ ಎಂಜಿನ್ ಕೋಣೆಯಲ್ಲಿ ದೊಡ್ಡ ಎಂಜಿನ್ನೂ ಜನರೇಟರೂ ಒಂದೇ ಗಾಳಿಯನ್ನು ಹಂಚಿಕೊಳ್ಳುತ್ತವೆ. ಕೋಣೆಯ ಬಾಗಿಲು ತೆರೆದಾಗ ಓಟ ಸಮನಾದರೆ ಗಾಳಿಯ ದಾರಿ ದೊಡ್ಡದಾಗಬೇಕು. ಉಪ್ಪುಗಾಳಿಗೆ ಗವರ್ನರಿನ ಸಂಧಿಗಳು ತುಕ್ಕು ಹಿಡಿದು ಅಂಟುವುದು ದೋಣಿಯಲ್ಲಿ ಬೇಗ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ. ಮಳೆಯ ಆ ಎರಡು ತಿಂಗಳು ಅರ್ಧ ಖಾಲಿ ಟ್ಯಾಂಕಿಯೊಡನೆ ನಿಂತ ದೋಣಿ ಆಗಸ್ಟಿನಲ್ಲಿ ತಳದಲ್ಲಿ ನೀರಿಟ್ಟುಕೊಂಡೇ ಹೊರಡುತ್ತದೆ. ಟ್ಯಾಂಕಿಯ ತಳ ಬಸಿಯುವುದು, ಫಿಲ್ಟರ್ ಬದಲಿಸುವುದು, ವಾಷರುಗಳ ಬದಲಾವಣೆ ಈ ಬಿಡುವಿನಲ್ಲಿಯೇ ಆಗಬೇಕು. ಮೊದಲ ಪ್ರಯಾಣಕ್ಕೆ ಮುಂಚೆ ದಕ್ಕೆಯಲ್ಲಿ ಅರ್ಧ ಹೊರೆ ಕೊಟ್ಟು ಒಂದು ಗಂಟೆ ಓಡಿಸಿ ನೋಡಬೇಕು.

ಓಟಕ್ಕೆ ಬಿದ್ದ ಎಂಜಿನ್

ಸರಳು ಪೂರ್ಣ ಡೀಸೆಲ್ ಕಡೆಗೆ ಅಂಟಿಕೊಂಡರೆ ಎಂಜಿನ್ ಮಿತಿಮೀರಿ ಓಡತೊಡಗುತ್ತದೆ. ಫ್ಲೈವೀಲ್ ಸಿಡಿಯುವ ಸಂಭವವಿರುವುದರಿಂದ ಅದರ ನೇರಕ್ಕೆ ನಿಲ್ಲಬಾರದು. ನಿಲ್ಲಿಸುವ ಲಿವರ್ ಎಳೆದರೂ ನಿಲ್ಲದಿದ್ದರೆ ಏರ್ ಕ್ಲೀನರಿನ ಬಾಯಿಯನ್ನು ಹಲಗೆಯಿಂದ ಒತ್ತಿ ಮುಚ್ಚಬೇಕು. ಕೈಯಿಂದ ಮುಚ್ಚಲು ಹೋಗಬಾರದು, ಬಟ್ಟೆಯನ್ನು ಎಂಜಿನ್ ಒಳಕ್ಕೆ ಎಳೆದುಕೊಳ್ಳುತ್ತದೆ. ಡೀಸೆಲ್ ಕಾಕು ಮುಚ್ಚಿದರೂ ಕೊಳವೆಯಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡುತ್ತದೆ ಎಂಬುದು ನೆನಪಿರಲಿ. ಬೆಲ್ಟಿನ ಹತ್ತಿರ ಹೆಗಲಿನ ಟವೆಲು, ಪಂಚೆಯ ಅಂಚು, ಸೀರೆಯ ಸೆರಗು ಜೋಲಾಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಪಂಪ್ ಮನೆಯಲ್ಲಿ ಜನರೇಟರ್ ಓಡಿಸಿ ಅಲ್ಲಿಯೇ ಮಲಗಿದವರು ಏಳದೆ ಹೋಗಿದ್ದಾರೆ. ಹೊಗೆ ಕೊಳವೆ ಹೊರಗೇ ಇರಬೇಕು.

ದುರಸ್ತಿ ಮಾಡಿದ ಮೇಲೆ ಹೊರೆ ಇಲ್ಲದೆ ಐದು ನಿಮಿಷ, ಅರ್ಧ ಹೊರೆಯಲ್ಲಿ ಹದಿನೈದು ನಿಮಿಷ, ಪಂಪು ಹಚ್ಚಿ ಅರ್ಧ ಗಂಟೆ ಓಡಿಸಿ ಪ್ರತಿ ಸಲವೂ ಹರ್ಟ್ಜ್ ಗುರುತು ಹಾಕಿಕೊಳ್ಳಬೇಕು. ಮೆಕ್ಯಾನಿಕ್ ಬಳಿಗೆ ಹೋಗಬೇಕಾಗಿ ಬಂದರೆ ಈ ಅಂಕಿಗಳು, ಏರಿಳಿತದ ಬಗೆ, ಹೊಗೆಯ ಬಣ್ಣ, ಬೇರೆ ಡಬ್ಬಿಯ ಪರೀಕ್ಷೆಯ ಫಲ, ಫಿಲ್ಟರ್ ಬದಲಿಸಿದ ದಿನ ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಆತ ಎಂಜಿನ್ ಬಿಚ್ಚುವ ಮೊದಲೇ ಎಲ್ಲಿ ಹುಡುಕಬೇಕೆಂದು ತಿಳಿಯುತ್ತಾನೆ.